ಹೊತ್ತು ಹೋಗಲೆಂದು ಮಾಡುವ ಕೆಲಸ

ಮಾವನ ಬಾಯಿಯಿಂದಲೇ ಮನೆ ಕೈಬಿಟ್ಟಿತು ಎಂದು ಅತ್ತೆ ದಿನಕ್ಕೆ ಮೂರು ಸಲ ಹೇಳುತ್ತಿದ್ದರು, ಹೊತ್ತಿಗೊಂದರಂತೆ, ಊಟದ ಜೊತೆಗೇ ಬಡಿಸಿಬಿಡುತ್ತಿದ್ದರು. ಕೇಳಿ ಕೇಳಿ ಸೊಸೆಯ ತಲೆ ಚಿಟ್ಟು ಹಿಡಿದಿತ್ತು. ಆದರೆ ಅದು ಸುಳ್ಳು ಎನ್ನುವ ಹಾಗೂ ಇರಲಿಲ್ಲ.

ಮಾವ ಪುಸ್ತಕ ಕಟ್ಟುವವರು. ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತೆಂಟು ವರ್ಷದಿಂದ ಅವರ ಮೇಜು, ಕಾಗದ ಕತ್ತರಿಸುವ ಮಷೀನು, ರಟ್ಟಿನ ಕಟ್ಟು, ಅಂಟಿನ ಡಬ್ಬಿ. ಹಿಂದಿನ ಎರಡು ಕೋಣೆಗಳಲ್ಲಿ ಐದು ಜನರ ಸಂಸಾರ. ಹಳೆಯ ಮನೆಯೊಡೆಯರು ಇದನ್ನೆಲ್ಲ ಕಣ್ಣಾರೆ ಕಂಡಿದ್ದರೂ ಏನೂ ಅಂದವರಲ್ಲ. ಅವರು ತೀರಿಕೊಂಡ ಮೇಲೆ ಮಗ ಯಜಮಾನನಾದ. ವಾಸಕ್ಕೆಂದು ಕೊಟ್ಟ ಮನೆಯನ್ನು ಕಾರ್ಖಾನೆ ಮಾಡಿಕೊಂಡಿದ್ದಾರೆ, ಖಾಲಿ ಮಾಡಿಸಿಕೊಡಿ ಎಂದು ಕೋರ್ಟಿಗೆ ಹೋದ.

ಇವರ ಕಡೆಯ ವಕೀಲೆ ಮಾವನಿಗೆ ಒಂದೇ ಒಂದು ಪಾಠ ಹೇಳಿಕೊಟ್ಟಿದ್ದರು. "ಮನೇಲಿ ವಾಸ ಇದ್ದೀವಿ, ಕೈಲಾದ ಸಣ್ಣಪುಟ್ಟ ಕೆಲಸ ಮಾಡ್ಕೊಂಡಿದ್ದೀನಿ. ಇಷ್ಟೇ ಹೇಳಿ. ಇದಕ್ಕಿಂತ ಒಂದಕ್ಷರ ಹೆಚ್ಚಿಗೆ ಬೇಡ."

ಮಾವ ಕಟಕಟೆ ಹತ್ತಿದರು. ಎದುರಿನ ವಕೀಲ ಬೈಯಲಿಲ್ಲ, ಗದರಲಿಲ್ಲ. ನಗುನಗುತ್ತಾ ಕೇಳಿದ: "ಊರಲ್ಲಿ ನಿಮ್ಮಷ್ಟು ಚೆನ್ನಾಗಿ ಪುಸ್ತಕ ಕಟ್ಟೋರು ಇಲ್ಲವಂತೆ, ನಿಜವಾ ಯಜಮಾನ್ರೇ?"

"ನಿಜ, ಯಾರೂ ಇಲ್ಲ," ಎಂದರು ಮಾವ.

"ಅಷ್ಟು ಕೆಲಸಾನೂ ಮನೇಲೇ ಮಾಡ್ತೀರಾ?"

"ಮತ್ತೆಲ್ಲಿ ಮಾಡ್ಲಿ? ಮೂರು ಮಷೀನಿದೆ. ಒಂದು ಕಾಲದಲ್ಲಿ ಈ ಕೋರ್ಟಿನ ಲೈಬ್ರರಿ ಪುಸ್ತಕಾನೂ ನನ್ನ ಹತ್ರಾನೇ ಬರ್ತಿತ್ತು."

ವಕೀಲ ಜಡ್ಜಿಗೆ ಕೈಮುಗಿದು ಕೂತುಬಿಟ್ಟ. ಮೂರು ಮಷೀನುಗಳಲ್ಲಿ ಎರಡು ತುಕ್ಕು ಹಿಡಿದು ಹತ್ತು ವರ್ಷವಾಗಿತ್ತು, ಒಂದರ ಮೇಲೆ ಅತ್ತೆ ಒಗೆದ ಟವೆಲ್ಲು ಒಣಹಾಕುತ್ತಿದ್ದರು. ತಿಂಗಳಿಗೆ ಹತ್ತು ಪುಸ್ತಕ ಬಂದರೆ ಅದೇ ಹೆಚ್ಚು. ಅದನ್ನು ಮಾವ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಎರಡು ತಿಂಗಳಲ್ಲಿ ಮನೆ ಬಿಡಬೇಕು ಎಂದು ತೀರ್ಪು ಬಂತು.

ಮರುದಿನವೇ ಸೊಸೆ ವಕೀಲೆಯ ಕಚೇರಿಗೆ ಓಡಿದಳು. ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ, ಡಬ್ಬಿಯ ಊಟ ಡಬ್ಬಿಯಲ್ಲೇ ಬಿಟ್ಟು ಬಂದಿದ್ದಳು.

"ಇದೇ ಕೊನೆ ಅಲ್ಲ," ಎಂದರು ವಕೀಲೆ. "ಮೇಲಿನ ಕೋರ್ಟಿಗೆ ಅಪೀಲು ಹಾಕಬಹುದು. ಮೂವತ್ತು ದಿನದ ಗಡುವು. ಅಪೀಲಿನ ಜೊತೆ ತೀರ್ಪಿನ ನಕಲು ಇರಬೇಕು, ಅಂಗಡೀಲಿ ತೆಗೆಸಿದ ಜೆರಾಕ್ಸ್ ಅಲ್ಲ, ಕೋರ್ಟಿನವರೇ ಸೀಲು ಹಾಕಿ ಕೊಟ್ಟಿದ್ದು. ಅದಕ್ಕೆ ಬೇಗ ಅರ್ಜಿ ಹಾಕಿ. ನಕಲಿಗೆ ಕಾದ ದಿನಗಳನ್ನ ಗಡುವಿನಲ್ಲಿ ಹಿಡಿಯಲ್ಲ."

"ಅಪೀಲು ಹಾಕಿದ್ರೆ ಮನೇಲೇ ಇರಬಹುದಾ ಮೇಡಂ?"

"ಬರೀ ಅಪೀಲು ಸಾಲದಮ್ಮ. ಜೊತೆಗೇ ತಡೆಯಾಜ್ಞೆ ಕೇಳ್ಬೇಕು. ಅದು ಸಿಗದಿದ್ರೆ ಅಪೀಲು ಒಂದ್ಕಡೆ ನಡೀತಾ ಇರುತ್ತೆ, ಇನ್ನೊಂದ್ಕಡೆ ನಿಮ್ಮ ಪಾತ್ರೆ ಪಗಡ ಬೀದಿಗೆ ಬಂದಿರುತ್ತೆ. ಬಾಡಿಗೆ ಮಾತ್ರ ಒಂದು ತಿಂಗಳೂ ತಪ್ಪಿಸ್ಬೇಡಿ. ಅವರು ತಗೊಳ್ಳಲ್ಲ ಅಂದ್ರೆ ಕೋರ್ಟಲ್ಲೇ ಕಟ್ಟೋಣ. ಕರಾರು ಯಾರ ಹೆಸರಲ್ಲಿದೆ?"

"ಮಾವನ ಹೆಸರಲ್ಲಿ."

"ಹಾಗಾದ್ರೆ ಸಹಿ ಅವರದೇ ಬೇಕು," ಎಂದು ವಕೀಲೆ ಒಂದು ನಿಟ್ಟುಸಿರು ಬಿಟ್ಟರು. ಕಟಕಟೆಯ ನೆನಪು ಅವರಿಗೂ ಇನ್ನೂ ಹಸಿಯಾಗಿಯೇ ಇತ್ತು.

ಸಂಜೆ ಊಟಕ್ಕೆ ಕೂತಾಗ ಸೊಸೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಗಂಡ ತಟ್ಟೆಯಿಂದ ತಲೆಯೆತ್ತದೆ "ನೋಡೋಣ" ಎಂದ. ಅವನು ಲಿಫ್ಟ್ ಮೆಕ್ಯಾನಿಕ್ಕು. ನಡುವೆ ಸಿಕ್ಕಿಹಾಕಿಕೊಂಡವರನ್ನು ಹೊರಗೆ ತರುವುದೇ ದಿನವಿಡೀ ಅವನ ಕೆಲಸ, ಮನೆಗೆ ಬಂದರೆ ಮಾತ್ರ ತಾನೇ ಎರಡು ಮಹಡಿಯ ನಡುವೆ ನಿಂತುಬಿಡುತ್ತಿದ್ದ.

"ಏನು ನೋಡೋದು? ನಾಳೆ ನೀವು ಹೋಗಿ ನಕಲಿಗೆ ಅರ್ಜಿ ಹಾಕ್ತೀರೋ ಇಲ್ವೋ?"

"ನಾಳೆ ಆಸ್ಪತ್ರೆ ಲಿಫ್ಟ್ ಇದೆ ಕಣೇ."

"ನಾಡಿದ್ದು?"

"ನಾಡಿದ್ದೂ ಅದೇ ಲಿಫ್ಟೇ."

"ಅಮ್ಮಾ, ನೀನೇ ಹೋಗು," ಎಂದಳು ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಮೊನಚು ನಾಲಗೆ. "ಇವರನ್ನ ನಂಬಿದ್ರೆ ಅಪೀಲು ಹಾಕೋ ಹೊತ್ತಿಗೆ ನನಗೆ ಮಕ್ಕಳಾಗಿರುತ್ತೆ."

"ಬಾಯಿ ಬಿಟ್ಟೇ ಮನೆ ಕಳ್ಕೊಂಡಿದ್ದು ಸಾಲದು ಅಂತ ಇವಳದ್ದೂ ಒಂದು ಬಾಯಿ," ಎಂದರು ಅತ್ತೆ. ಮಾತು ಮೊಮ್ಮಗಳ ಮೇಲಿತ್ತು, ಕಣ್ಣು ಮಾವನ ಮೇಲಿತ್ತು.

ಮಾವ ನಿಧಾನವಾಗಿ ಊಟ ಮುಗಿಸಿ, "ಕೋರ್ಟಲ್ಲಿ ಸತ್ಯ ಹೇಳಬೇಕು ಅಂತ ಪ್ರಮಾಣ ಮಾಡಿಸಿದ್ರು. ಹೇಳಿದೆ," ಎಂದು ಕೈತೊಳೆಯಲು ಎದ್ದರು.

ಅರ್ಜಿ ಹಾಕಿದ್ದು ಸೊಸೆಯೇ, ನಾಲ್ಕನೆಯ ದಿನ. ಆಮೇಲೆ ಹನ್ನೆರಡು ದಿನ ನಕಲು ವಿಭಾಗದ ಕಿಟಕಿಗೆ ಅಲೆದಳು. ಒಂದು ದಿನ ಟೈಪು ಮಾಡುವವರಿಲ್ಲ, ಇನ್ನೊಂದು ದಿನ ಹೋಲಿಸಿ ನೋಡುವವರಿಲ್ಲ, ಮತ್ತೊಂದು ದಿನ ಎಲ್ಲರೂ ಇದ್ದಾರೆ, ಸೀಲು ಬೀಗದೊಳಗಿದೆ. ಅಂಗಡಿಯ ಮಾಲೀಕ ಮುಖ ಗಂಟಿಕ್ಕಿದ: "ಏನಮ್ಮಾ, ನಿನ್ನ ಕೆಲಸ ಇಲ್ಲೋ, ಕೋರ್ಟಲ್ಲೋ?" ಅವಸರದಲ್ಲಿ ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ, ಅವರು ಮೆಟ್ಟಿಲಲ್ಲಿ ಎಡವಿದ್ದೂ ಆಯಿತು.

ಹದಿನಾರನೆಯ ದಿನ ನಕಲು ಕೈಗೆ ಬಂತು. ಹನ್ನೊಂದು ಹಾಳೆ, ಪ್ರತಿ ಹಾಳೆಯ ಅಂಚಿನಲ್ಲಿ ನೀಲಿ ಸೀಲು. ಕೊನೆಯ ಹಾಳೆಯ ಅಂಚಿನಲ್ಲಿ ಗುಮಾಸ್ತ ಕೈಯಾರೆ ಬರೆದ ಮೂರು ತಾರೀಖು: ಅರ್ಜಿ ಬಂದದ್ದು, ನಕಲು ಸಿದ್ಧವಾದದ್ದು, ಕೊಟ್ಟದ್ದು. "ಕಾದ ದಿನ ಬಿಟ್ಟುಕೊಡೋದು ಈ ತಾರೀಖು ನೋಡೀನೇ," ಎಂದು ಅವನು ಬೆರಳಿಟ್ಟು ತೋರಿಸಿದ್ದ. ಹನ್ನೆರಡು ದಿನ ಸುತ್ತಿದ್ದಕ್ಕೆ ಹನ್ನೆರಡು ದಿನವಾದರೂ ವಾಪಸು ಬಂತಲ್ಲ ಎಂದು ಸೊಸೆಗೆ ಸಮಾಧಾನವಾಯಿತು. ಮನೆಗೆ ಬಂದವಳೇ ಮಾವನ ಮೇಜಿನ ಮೇಲಿಟ್ಟು, "ಮಾವ, ಇದನ್ನ ಸ್ವಲ್ಪ ಜೋಪಾನವಾಗಿ ಇಟ್ಟಿರಿ. ನಾಡಿದ್ದು ವಕೀಲರಿಗೆ ಕೊಡ್ಬೇಕು," ಎಂದು ಒಲೆಯ ಕಡೆ ನಡೆದಳು.

ಜೋಪಾನವಾಗಿ ಇಡುವುದೆಂದರೆ ಏನು ಎಂಬುದು ಮೂವತ್ತೆಂಟು ವರ್ಷದಿಂದ ಮಾವನಿಗೆ ಗೊತ್ತಿತ್ತು.

ಮಾರನೆಯ ಸಂಜೆ ಅವಳು ಕೆಲಸದಿಂದ ಬಂದಾಗ ಮೇಜಿನ ಮೇಲೆ ಒಂದು ಪುಸ್ತಕವಿತ್ತು. ಗಟ್ಟಿ ರಟ್ಟು, ಕಡುಗೆಂಪು ಬಟ್ಟೆ, ಮೂಲೆಗಳಿಗೆ ಕಪ್ಪು ತೊಗಲು, ಕನ್ನಡಿಯಂತೆ ನುಣುಪಾದ ಅಂಚು. ಮಾವ ಅದರ ಮೇಲೆ ಕೈಯಾಡಿಸುತ್ತಾ ಕೂತಿದ್ದರು. ತಿಂಗಳುಗಟ್ಟಲೆ ಮುಖದಲ್ಲಿ ಕಾಣದಿದ್ದ ಕಳೆ ಆವತ್ತು ಕಂಡಿತು.

"ಹಾಳೆಗಳು ಏರುಪೇರಾಗಿದ್ವು ಕಣಮ್ಮ. ಮೂರು ಕಡೇನೂ ಕತ್ತರಿಸಿ ಸಮ ಮಾಡಿದೀನಿ. ಇನ್ನು ನೂರು ವರ್ಷ ಏನೂ ಆಗಲ್ಲ."

ಸೊಸೆ ತೆರೆದು ನೋಡಿದಳು. ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ತಾತಾ," ಎಂದಳು ಮಗಳು, "ಸೀಲು ಎಲ್ಲಿ?"

ಸೀಲಿನ ಕಾಲುಭಾಗ ಉಳಿದಿತ್ತು, ಅರ್ಧ ಚಂದ್ರನಿಗೂ ಕಡಿಮೆ. ತಾರೀಖುಗಳಂತೂ ಪೂರ್ತಿ ಮಾಯ. ಸೊಸೆಗೆ ಕೂಗಾಡಬೇಕೆನಿಸಿತು. ಹನ್ನೆರಡು ದಿನದ ಅಲೆದಾಟ, ತಣ್ಣಗಾದ ಹನ್ನೆರಡು ಡಬ್ಬಿ ಊಟ, ಮಾಲೀಕನ ಬೈಗುಳ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಅವಳು ಮೇಜಿನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು.

"ಕತ್ತರಿಸಿದ ಚೂರು ಎಲ್ಲಿ ಮಾವ?"

"ಮೂಟೇಲಿ."

ಮೂಟೆಯ ಯಜಮಾನಿಕೆ ಅತ್ತೆಯದು. ಕಾಗದದ ಚೂರನ್ನೆಲ್ಲ ತುಂಬಿಟ್ಟು, ಮೊಟ್ಟೆ ಅಂಗಡಿಯವನಿಗೆ ಕೊಟ್ಟು, ಬದಲಿಗೆ ವಾರಕ್ಕೆ ನಾಲ್ಕು ಒಡಕು ಮೊಟ್ಟೆ ತರುತ್ತಿದ್ದರು. "ಅರ್ಧ ಮೂಟೆ ಬೆಳಿಗ್ಗೇನೇ ಕೊಟ್ಟೆ," ಎಂದರು ಅತ್ತೆ. "ನನಗೇನು ಕನಸು ಬಿದ್ದಿತ್ತಾ? ಇವರು ಕತ್ತರಿಸಿದ್ದು ಕೋರ್ಟಿನ ಕಾಗದ ಅಂತ ಯಾರಾದ್ರೂ ಹೇಳಿದ್ರಾ?"

ಉಳಿದರ್ಧ ಮೂಟೆಯನ್ನು ಹಾಸಿನ ಮೇಲೆ ಸುರಿದು ಐವರೂ ಸುತ್ತ ಕೂತರು. ಗಂಡ ಕೆಲಸದ ಬಟ್ಟೆಯಲ್ಲೇ ಬಂದು ಸೇರಿಕೊಂಡ. ಒಲೆಯ ಮೇಲಿದ್ದದ್ದು ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ. ಕೊನೆಗೆ ನೀಲಿ ಮಸಿಯ ಏಳು ಪಟ್ಟಿ ಸಿಕ್ಕವು. ತಾರೀಖು ಇದ್ದ ಪಟ್ಟಿ ಸಿಗಲಿಲ್ಲ. ಮೊಟ್ಟೆ ಅಂಗಡಿಗೆ ಓಡಿದ ಮಗಳು ಬರಿಗೈಯಲ್ಲಿ ಬಂದಳು. ಅದು ಯಾರದೋ ಮನೆಯ ಮೊಟ್ಟೆಯ ಕೆಳಗೆ ಹಾಸಿಗೆಯಾಗಿ ಹೋಗಿತ್ತು.

"ಅಂಟಿಸಿಕೊಡ್ತೀನಿ," ಎಂದರು ಮಾವ. "ಅಂಟಿಸಿದ್ದು ಅಂತ ಗೊತ್ತೇ ಆಗಲ್ಲ."

"ದಯವಿಟ್ಟು ಇನ್ನು ಏನನ್ನೂ ಮುಟ್ಬೇಡಿ ಮಾವ," ಎಂದಳು ಸೊಸೆ. "ಕೈಮುಗೀತೀನಿ."

ವಕೀಲೆ ಪುಸ್ತಕವನ್ನು ತಿರುವಿ ಮುರುವಿ ನೋಡಿದರು. "ಕಟ್ಟಿರೋದೇನೋ ಚೆನ್ನಾಗಿದೆ. ಆದ್ರೆ ಅಂಟು ಹಚ್ಚಿದ ಸೀಲು ಕೋರ್ಟಿಗೆ ತಗೊಂಡು ಹೋದ್ರೆ ನನ್ನನ್ನೇ ಒಳಗೆ ಹಾಕ್ತಾರೆ. ಇನ್ನೊಂದು ನಕಲಿಗೆ ತುರ್ತು ಅರ್ಜಿ ಹಾಕಿ. ಎರಡನೇ ಸಲ ಕಾದ ದಿನಗಳನ್ನ ಬಿಟ್ಟುಕೊಡಿ ಅಂತ ಕೇಳಿದ್ರೆ ಎದುರಿನ ವಕೀಲ ತಕರಾರು ತೆಗೀದೆ ಇರಲ್ಲ. ಆ ಗೊಡವೇನೇ ಬೇಡ. ಮೂವತ್ತನೇ ದಿನದೊಳಗೆ ಹಾಕಿಬಿಡೋಣ."

ಹನ್ನೆರಡು ದಿನ ಉಳಿದಿತ್ತು. ಮತ್ತೆ ಅದೇ ಕಿಟಕಿ, ಅದೇ ಗುಮಾಸ್ತ. "ಮೊನ್ನೆ ತಾನೇ ಕೊಟ್ಟಿದ್ನಲ್ಲಮ್ಮ?" ಎಂದ. ಮಾವ ಪುಸ್ತಕ ಮಾಡಿದರು ಎಂದು ಹೇಳಲು ಅವಳಿಗೆ ನಾಚಿಕೆಯಾಯಿತು. "ಕಳೆದುಹೋಯ್ತು," ಎಂದಳು. ಮನೆಯಲ್ಲಿ ಅತ್ತೆಗೆ ಹೊಸ ಮಾತು ಸಿಕ್ಕಿತ್ತು. ಮೊದಲು ಬಾಯಿಯಿಂದ ಹೋಯಿತು, ಈಗ ಕೈಯಿಂದ ಹೋಯಿತು, ಇನ್ನು ಕಾಲೊಂದು ಬಾಕಿ ಎನ್ನುತ್ತಿದ್ದರು. ಮಾವ ಊಟದ ಹೊತ್ತು ಬಿಟ್ಟರೆ ಹಿಂದಿನ ಕೋಣೆಗೆ ಬರುವುದನ್ನೇ ನಿಲ್ಲಿಸಿದರು.

ಎರಡನೆಯ ನಕಲು ಬಂದದ್ದು ಇಪ್ಪತ್ತೇಳನೆಯ ದಿನ. ಸೊಸೆ ಅದನ್ನು ಮನೆಗೇ ತರಲಿಲ್ಲ, ಕಿಟಕಿಯಿಂದ ನೆಟ್ಟಗೆ ವಕೀಲೆಯ ಕೈಗೆ ಒಪ್ಪಿಸಿದಳು. ಮರುದಿನ ಶನಿವಾರ ಅಪೀಲಿನ ಕಾಗದ ತಯಾರಾಯಿತು. ಸೋಮವಾರವೇ ಕೊನೆಯ ದಿನ. ಇನ್ನು ಒಂದು ಸಹಿ ತಾನೆ ಎಂದು ಅವಳು ಶನಿವಾರ ಸಂಜೆ ನೆಮ್ಮದಿಯಿಂದ ಚಹಾ ಕುದಿಸಿದಳು.

ಮಾವ ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದರು. ಮೂರನೆಯ ಪುಟದಲ್ಲಿ ನಿಂತರು. ಗಟ್ಟಿಯಾಗಿ ಓದಿದರು: "'ಅರ್ಜಿದಾರರು ವಯೋವೃದ್ಧರಾಗಿದ್ದು, ಹೊತ್ತು ಕಳೆಯುವ ಸಲುವಾಗಿ ಆಗೊಮ್ಮೆ ಈಗೊಮ್ಮೆ ಸಣ್ಣ ಕೈಕೆಲಸ ಮಾಡುತ್ತಾರೆಯೇ ಹೊರತು ಇದು ಅವರ ಕಸುಬಲ್ಲ.'" ಕಾಗದ ಕೆಳಗಿಟ್ಟು, ಪೆನ್ನಿಗೆ ಮುಚ್ಚಳ ಹಾಕಿದರು. "ಇದಕ್ಕೆ ನಾನು ಸಹಿ ಹಾಕಲ್ಲ."

"ಮಾವ, ಅದು ಕೋರ್ಟಿನ ಭಾಷೆ."

"ಯಾವ ಭಾಷೇಲಿ ಬರೆದ್ರೂ ಬೈಗುಳ ಬೈಗುಳಾನೇ ಕಣಮ್ಮ."

"ಅಪ್ಪಾ, ಹಾಕಿಬಿಡಿ," ಎಂದ ಗಂಡ. "ಯಾರು ಓದ್ತಾರೆ ಅದನ್ನ?"

"ನಾನು ಓದಿದ್ನಲ್ಲ."

ಅತ್ತೆ ಅಡುಗೆಮನೆಯಿಂದ ಒಂದು ಗೋಣಿಚೀಲ ತಂದರು. ಯಾರ ಮುಖವನ್ನೂ ನೋಡದೆ ಕಪಾಟಿನ ಪಾತ್ರೆಗಳನ್ನು ಒಂದೊಂದಾಗಿ ಅದರೊಳಗೆ ಇಳಿಸತೊಡಗಿದರು. ದೊಡ್ಡ ಪಾತ್ರೆ, ಅದರೊಳಗೆ ಸಣ್ಣದು, ಅದರೊಳಗೆ ಲೋಟಗಳು.

"ಏನೇ ಇದು?" ಎಂದರು ಮಾವ.

"ಕಸುಬು ಕಟ್ಕೊಂಡು ನೀವು ಫುಟ್‌ಪಾತಲ್ಲಿ ಕೂತ್ಕೊಳ್ಳಿ. ನಾನು ಪಾತ್ರೆ ಕಟ್ಕೊಳ್ತೀನಿ."

ಸೊಸೆಗೆ ಅಲ್ಲಿಯವರೆಗೆ ಹಲ್ಲುಕಚ್ಚಿ ತಡೆದದ್ದೆಲ್ಲ ಒಡೆದು ಬಂತು. "ನಿಮ್ಮ ಕೆಲಸ ದೊಡ್ಡದೇ ಮಾವ. ಯಾರು ಇಲ್ಲ ಅಂದ್ರು? ಆ ದೊಡ್ಡ ಕೆಲಸಕ್ಕೆ ಮೇಜು ಹಾಕೋಕೆ ಒಂದು ಕೋಣೆ ಬೇಡ್ವಾ? ಒಂದು ತಿಂಗಳಿಂದ ನಾನು ಹೊಟ್ಟೆಗೆ ಸರಿಯಾಗಿ ತಿಂದಿಲ್ಲ. ಈ ಮಷೀನು ಹೊತ್ಕೊಂಡು ಯಾವ ಬಾಡಿಗೆ ಮನೆಗೆ ಹೋಗ್ತೀರಿ? ಯಾರು ಒಳಗೆ ಸೇರಿಸ್ತಾರೆ?"

ಭಾನುವಾರವಿಡೀ ಕಾಗದ ಮೇಜಿನ ಮೇಲೆ ಬಿದ್ದಿತ್ತು. ಅಂಚು ಕತ್ತರಿಸಿಬಿಟ್ಟಾರು ಎಂದು ಮಗಳು ಅದರ ಪಕ್ಕದಲ್ಲೇ ಓದುತ್ತಾ ಕೂತಿದ್ದಳು. ಅತ್ತೆ ಗೋಣಿಚೀಲದಿಂದ ಪಾತ್ರೆ ತೆಗೆತೆಗೆದೇ ಎರಡು ಹೊತ್ತಿನ ಅಡುಗೆ ಮಾಡಿದರು, ತೊಳೆದು ಮತ್ತೆ ಚೀಲಕ್ಕೇ ಹಾಕಿದರು. ಸೋಮವಾರ ಬೆಳಿಗ್ಗೆ ಸೊಸೆ ನೋಡಿದಾಗ ಪ್ರತಿ ಪುಟದ ಕೆಳಗೂ ಸಹಿ ಬಿದ್ದಿತ್ತು, ಅಚ್ಚುಕಟ್ಟಾಗಿ, ಒಂದೇ ಸಾಲಿನಲ್ಲಿ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ," ಎಂದರು.

"ಬನ್ನಿ. ಆದ್ರೆ ಅಲ್ಲಿ ಏನೂ ಮಾತಾಡ್ಬೇಡಿ ಮಾವ."

ವಕೀಲೆಗೆ ಬೇರೆ ಕೇಸಿನಲ್ಲಿ ಹೊತ್ತಾಯಿತು. ಅವರು ನಕಲನ್ನೂ ಸೇರಿಸಿ ದಾರ ಕಟ್ಟಿದ ಕಾಗದದ ಕಟ್ಟು ಇವರ ಕೈಗೆ ಬಂದು, ಅಪೀಲು ಸಲ್ಲಿಸುವ ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತು, ಇವರ ಸರದಿ ಬರುವಾಗ ನಾಲ್ಕು ಗಂಟೆ. ನಾಲ್ಕೂವರೆಗೆ ಕಿಟಕಿ ಮುಚ್ಚುತ್ತದೆ. ಒಳಗಿದ್ದ ಗುಮಾಸ್ತ ಕಟ್ಟು ಎತ್ತಿದ್ದೇ ತಡ, ನಡುವಿನ ದಾರ ಜಾರಿ ಅರ್ಧದಷ್ಟು ಹಾಳೆಗಳು ಕೆಳಗೆ ಚೆಲ್ಲಿದವು.

"ಹೀಗೆ ತಂದ್ರೆ ತಗೊಳ್ಳಲ್ಲ. ಸರಿಯಾಗಿ ಹೊಲಿದು ತನ್ನಿ."

"ಸಾರ್, ಇವತ್ತೇ ಕೊನೇ ದಿನ."

"ಅದನ್ನ ದಾರಕ್ಕೆ ಹೇಳಮ್ಮ. ಮುಂದಿನವರು ಬನ್ನಿ."

ಸೊಸೆ ಹಾಳೆಗಳನ್ನು ಎದೆಗವುಚಿಕೊಂಡು ಸುತ್ತ ನೋಡಿದಳು. ವಕೀಲೆ ಇಲ್ಲ, ಅವರ ಸಹಾಯಕರಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಷ್ಟರಲ್ಲಿ ಮಾವ ಪಡಸಾಲೆಯ ಬೆಂಚಿನ ಮೇಲೆ ಕೂತು ಕೈಚಾಚಿದರು. ಅವಳೇ ಅಂಗಡಿಯಿಂದ ತಂದುಕೊಟ್ಟಿದ್ದ ಕನ್ನಡಕದ ಡಬ್ಬಿ ತೆರೆದರು. ಒಳಗೆ ಕನ್ನಡಕವಿರಲಿಲ್ಲ. ಒಂದು ದಬ್ಬಳ, ಒಂದು ಸುತ್ತು ದಾರ, ಉಗುರಿನಷ್ಟು ಮೇಣ ಇತ್ತು.

"ಕೊಡಮ್ಮ."

"ಮಾವ, ಅಂಚು ಕತ್ತರಿಸಬೇಡಿ."

"ಕತ್ತರೀನೇ ತಂದಿಲ್ಲ ಕಣಮ್ಮ."

ಹಾಳೆಗಳನ್ನು ತೊಡೆಯ ಮೇಲೆ ಕುಟ್ಟಿ ಸಮ ಮಾಡಿ, ಎಡಬದಿಯಲ್ಲಿ ಐದು ತೂತು ಕೊರೆದು, ದಾರಕ್ಕೆ ಮೇಣ ಎಳೆದು ಹೊಲಿದರು. ಅವರ ಕೈ ಓಡುವುದನ್ನು ಅವಳು ಇಷ್ಟು ವರ್ಷ ಮನೆಯಲ್ಲಿದ್ದೂ ನಿಂತು ನೋಡಿರಲಿಲ್ಲ, ದಾಟಿಕೊಂಡು ಹೋಗಿದ್ದಳು ಅಷ್ಟೆ. ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ತುಂಡರಿಸಿದಾಗ ಗಡಿಯಾರದಲ್ಲಿ ನಾಲ್ಕು ಹದಿನೆಂಟು.

ಗುಮಾಸ್ತ ಈ ಸಲ ಕಟ್ಟನ್ನು ಎತ್ತಿ ಅಲ್ಲಾಡಿಸಿ ನೋಡಿದ. ಪುಟ ತಿರುವಿ ನೋಡಿದ. ಸೀಲು ಒತ್ತಿ, ನಂಬರು ಬರೆದು, ಆಮೇಲೆ ಮಾವನ ಕಡೆ ತಲೆಯೆತ್ತಿದ. "ಪಳಗಿದ ಕೈ ಇದು. ಈ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ, ಇಂಥ ಹೊಲಿಗೆ ನೋಡಿಲ್ಲ. ಇದೇ ಕಸುಬಾ ಯಜಮಾನ್ರೇ ನಿಮ್ದು?"

ಸಾಲಿನಲ್ಲಿ ಇಬ್ಬರ ಹಿಂದೆ ಎದುರಿನ ವಕೀಲ ನಿಂತಿದ್ದ, ಬೇರೆ ಯಾವುದೋ ಕಾಗದ ಹಿಡಿದು. ಅವನ ಮುಖದಲ್ಲಿ ಆವತ್ತಿನದೇ ನಗು. ಸೊಸೆ ಮಾವನ ಕಾಲು ತುಳಿಯಲು ಹೋದಳು. ತುಳಿಯುವ ಅಗತ್ಯ ಬೀಳಲಿಲ್ಲ.

"ಇಲ್ಲಪ್ಪ," ಎಂದರು ಮಾವ. "ಕಸುಬು ಗಿಸುಬು ಏನಿಲ್ಲ. ವಯಸ್ಸಾಯ್ತಲ್ಲ, ಹೊತ್ತು ಹೋಗಲಿ ಅಂತ ಆಗೊಮ್ಮೆ ಈಗೊಮ್ಮೆ ಮಾಡ್ತೀನಿ."

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ತಿಂಗಳಿಡೀ ಈ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ಹಾರೈಸಿದವಳು ಅವಳು. ಈಗ ಅವರು ಹೇಳಿಕೊಟ್ಟ ಹಾಗೆ ಹೇಳಿದ್ದು ಕೇಳಿ ಅವಳಿಗೆ ಸಂಕಟವಾಯಿತು. ಸುಳ್ಳು ಸಾರ್ ಎಂದು ಆ ಕಿಟಕಿಯೊಳಗೆ ಕೂಗಿ ಹೇಳಬೇಕೆನಿಸಿತು. ರಸೀದಿ ಮಡಚಿ ಚೀಲಕ್ಕೆ ಹಾಕಿಕೊಂಡು, ಮಾವನ ತೋಳು ಹಿಡಿದು ಹೊರಗೆ ಕರೆತಂದಳು.

ಎರಡು ದಿನ ಬಿಟ್ಟು ಇಬ್ಬರೂ ಮತ್ತೆ ಕೋರ್ಟಿಗೆ ಹೋದಾಗ ತಡೆಯಾಜ್ಞೆ ಸಿಕ್ಕಿತು. ಅಪೀಲು ತೀರುವವರೆಗೆ ಯಾರೂ ಅವರನ್ನು ಎಬ್ಬಿಸುವಂತಿಲ್ಲ, ಬಾಡಿಗೆ ಮಾತ್ರ ತಪ್ಪುವಂತಿಲ್ಲ. ತೀರುವುದು ಯಾವಾಗ ಎಂದು ಕೇಳಿದ್ದಕ್ಕೆ ವಕೀಲೆ ನಕ್ಕು, "ಅವಸರ ಯಾರಿಗಿದೆ?" ಎಂದರು. ಗಂಡನಿಗೆ ಫೋನು ಮಾಡಿದರೆ "ನಾನು ಹೇಳಿದ್ನಲ್ಲ, ನೋಡೋಣ ಅಂತ," ಎಂದ. ಅತ್ತೆ ಗೋಣಿಚೀಲ ಬಿಚ್ಚಿ ಪಾತ್ರೆಗಳನ್ನು ಮರಳಿ ಜೋಡಿಸುತ್ತಿದ್ದಾರೆಂದು ಮಗಳು ಫೋನಿನಲ್ಲೇ ಸುದ್ದಿ ಕೊಟ್ಟಳು.

ಮನೆಗೆ ಹೋಗುವ ಬಸ್ಸಿನಲ್ಲಿ ಸೊಸೆ ಮಾವನಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟಳು. ಸೋಮವಾರದಿಂದ ಅವರು ಮೇಜಿನ ಹತ್ತಿರ ಕೂತಿರಲಿಲ್ಲ, ಅಂಟಿನ ಡಬ್ಬಿಯಲ್ಲಿ ಕೆನೆಗಟ್ಟಿತ್ತು.

"ಆವತ್ತು ಸರಿಯಾಗಿ ಹೇಳಿದ್ನಾ?" ಎಂದು ಮಾವ ಕೇಳಿದರು.

"ಸರಿಯಾಗಿ ಹೇಳಿದ್ರಿ ಮಾವ."

ಎರಡು ನಿಲ್ದಾಣ ದಾಟಿತು.

"ಆ ಮೊದಲನೇ ನಕಲು ಎಲ್ಲಿಟ್ಟಿದ್ದೀಯ?"

"ಕಪಾಟಲ್ಲಿದೆ, ನನ್ನ ಸೀರೆಗಳ ಕೆಳಗೆ."

"ಬಿಸಾಕ್ಲಿಲ್ವಾ?"

"ಇಲ್ಲ."

"ಚೆನ್ನಾಗಿತ್ತಲ್ವಾ ಅದು?"

ಅವಳು ಅವರ ಕೈ ನೋಡಿದಳು. ಬೆರಳಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಅಂಟಿನ ಕರೆ ಇತ್ತು. "ತುಂಬ ಚೆನ್ನಾಗಿತ್ತು ಮಾವ," ಎಂದಳು. "ಊರಲ್ಲಿ ನಿಮ್ಮಷ್ಟು ಚೆನ್ನಾಗಿ ಪುಸ್ತಕ ಕಟ್ಟೋರು ಯಾರೂ ಇಲ್ಲ."

ಮಾವ ಮುಂದಿನ ಸೀಟು, ಹಿಂದಿನ ಸೀಟು ಎರಡನ್ನೂ ಒಮ್ಮೆ ನೋಡಿಕೊಂಡರು.

"ಮೆಲ್ಲಗೆ ಹೇಳಮ್ಮ," ಎಂದರು. "ಯಾರಾದ್ರೂ ಕೇಳಿಸ್ಕೊಂಡಾರು."